ಬೆಳ್ಳಕ್ಕಿ ಲೆಕ್ಕ

ನನ್ನ ಹತ್ತಿರ ಒಂದು ಖಾಲಿ ಕೊಂಬೆಯ ಫೋಟೊ ಇದೆ. 2010ರ ಆಗಸ್ಟ್ ತಿಂಗಳ ಒಂದು ಭಾನುವಾರ ಮಂಡಗದ್ದೆಯಲ್ಲಿ, ಜಿಟಿಜಿಟಿ ಮಳೆಯಲ್ಲಿ, ಕೊಡೆಯ ಹಿಡಿಯನ್ನು ಕುತ್ತಿಗೆ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ತೆಗೆದದ್ದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಅಲ್ಲಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಸಂಸಾರ. ಅವತ್ತು ಒಂದು ಬೆಳ್ಳಕ್ಕಿ ನನಗೆಂದೇ ಎನ್ನುವ ಹಾಗೆ ಕೊಂಬೆಯ ತುದಿಗೆ ಬಂದು ಕುತ್ತಿಗೆ ಕೊಂಕಿಸಿ ಕೂತಿತು. ಗುಂಡಿ ಒತ್ತಿದೆ. ನನ್ನ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಒಂದು ಗಳಿಗೆ ಯೋಚನೆ ಮಾಡಿತು, ಮೂತಿಯನ್ನು ಹಿಂದೆ ಮುಂದೆ ಆಡಿಸಿತು, ಆಮೇಲೆ ಕ್ಲಿಕ್ಕೆಂದಿತು. ಅಷ್ಟರಲ್ಲಿ ಬೆಳ್ಳಕ್ಕಿ ಆಚೆ ದಡ ಸೇರಿತ್ತು.

ಮನೆಗೆ ಬಂದು ತೋರಿಸಿದರೆ ನಮ್ಮ ಯಜಮಾನರು, "ಅಳಿಸಬೇಡ, ಇಟ್ಕೋ. ಬೆಳ್ಳಕ್ಕಿ ಕೂತಿದ್ದ ಐತಿಹಾಸಿಕ ಸ್ಥಳ" ಅಂದರು. ದೊಡ್ಡ ಕ್ಯಾಮೆರಾ ಕೊಳ್ಳಬೇಕು ಅಂತ ನಾನು ಹಟ ಹಿಡಿದದ್ದು ಆ ಮಾತಿಗೆ.

ಹಟಕ್ಕೆ ಹಿನ್ನೆಲೆಯೂ ಇತ್ತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಫೋಟೊ ತೆಗೆದು ತೋರಿಸಿದ ಮೇಲೆ, ಮಲೆನಾಡಿನಲ್ಲಿ ಕನ್ನಡ ಓದಬಲ್ಲವರಿಗೆಲ್ಲ ತಮ್ಮೊಳಗೂ ಒಬ್ಬ ಹಕ್ಕಿ ಛಾಯಾಗ್ರಾಹಕ ಇದ್ದಾನೆಂಬ ಗುಮಾನಿ ಶುರುವಾಗಿದೆ. ನನಗೂ ಇತ್ತು. ಕ್ಯಾಮೆರಾ ಒಂದಿಲ್ಲ ಅನ್ನುವುದು ಬಿಟ್ಟರೆ ಮಿಕ್ಕಿದ್ದೆಲ್ಲ ಸಿದ್ಧ ಅಂದುಕೊಂಡಿದ್ದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಪಟ್ಟಿ ಮಾಡದೆ ಏನನ್ನೂ ಕೊಂಡವಳಲ್ಲ. ಗ್ರೈಂಡರ್ ಕೊಳ್ಳುವಾಗಲೂ ಕಲ್ಲಿನ ತೂಕ, ಮೋಟರಿನ ವ್ಯಾಟು ಬರೆದುಕೊಂಡೇ ಅಂಗಡಿ ಮೆಟ್ಟಿಲು ಹತ್ತಿದ್ದೆ. ಒಂದು ಚೌಕುಳಿ ನೋಟ್‌ಬುಕ್ ತೆಗೆದು ನಡುವೆ ಗೀಟು ಎಳೆದೆ. ಎಡಗಡೆ ನಿಕಾನ್ ಡಿ3100, ಬಲಗಡೆ ಕ್ಯಾನನ್ 550ಡಿ. ಎರಡೂ ಅದೇ 2010ರಲ್ಲಿ ಹುಟ್ಟಿದವು, ಎರಡೂ ಹೊಸಬರಿಗೆಂದೇ ಮಾಡಿದವು. ಕ್ಯಾನನ್‌ಗೆ ಕೆಲವು ಸಾವಿರ ರೂಪಾಯಿ ಹೆಚ್ಚು. ಕೆಳಗೆ ಒಂದೊಂದೇ ಗುಣ ಬರೆಯುತ್ತ ಹೋದೆ. ಇಪ್ಪತ್ತೆರಡು ಸಾಲಾಯಿತು.

ಇವನ್ನು ಎಸ್‌ಎಲ್‌ಆರ್ (ಸಿಂಗಲ್ ಲೆನ್ಸ್ ರಿಫ್ಲೆಕ್ಸ್) ಅನ್ನುವುದು ಯಾಕೆ ಅಂತ ತಿಳಿದದ್ದೂ ಆಗಲೇ. ಒಳಗೆ ನಲವತ್ತೈದು ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ಹೊಡೆದು ನಮ್ಮ ಕಣ್ಣಿಗೆ ತಲುಪಿಸುತ್ತದೆ. ಹಾಗಾಗಿ ಲೆನ್ಸ್ ಏನು ಕಾಣುತ್ತದೋ ನಾವೂ ಅದನ್ನೇ ಕಾಣುತ್ತೇವೆ. ಗುಂಡಿ ಒತ್ತಿದೊಡನೆ ಕನ್ನಡಿ ಎದ್ದು ದಾರಿ ಬಿಡುತ್ತದೆ, ಬೆಳಕು ನೇರ ಹಿಂದಿನ ಸೆನ್ಸರಿಗೆ ಬೀಳುತ್ತದೆ. ಆ ಕಣ್ಣುರೆಪ್ಪೆಯಷ್ಟು ಹೊತ್ತು ನಮಗೆ ಬರೀ ಕತ್ತಲೆ. ಎಲ್ಲವನ್ನೂ ನೋಡುತ್ತ ಕೂತಿದ್ದು, ಫೋಟೊ ಬೀಳುವ ಆ ಕ್ಷಣ ಮಾತ್ರ ಕಾಣುವುದಿಲ್ಲ. ಮದುವೆಮನೆಯಲ್ಲಿ ಬೆಳಗಿನಿಂದ ಮುಂದಿನ ಸಾಲಿನಲ್ಲೇ ಕೂತು, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಫೋಟೊಗ್ರಾಫರ್ ಬೆನ್ನು ಅಡ್ಡ ಬಂದ ಹಾಗೆ.

ಪಟ್ಟಿಯ ಮೊದಲನೇ ಸಾಲು ಮೆಗಾಪಿಕ್ಸೆಲ್. ನಿಕಾನ್ 14.2, ಕ್ಯಾನನ್ 18. ಕೇಳಿದರೆ ನಾಲ್ಕು ಹೆಜ್ಜೆ ಮುಂದೆ ಇದ್ದ ಹಾಗೆ ಅನ್ನಿಸುತ್ತದೆ. ಬಿಡಿಸಿ ನೋಡಿದೆ. ನಿಕಾನ್ ಚಿತ್ರದ ಅಗಲ 4608 ಚುಕ್ಕೆ, ಕ್ಯಾನನ್‌ದು 5184. ಹೆಚ್ಚಿಗೆ ಇರುವುದು ಎಂಟರಲ್ಲೊಂದು ಪಾಲು, ಅಂದರೆ ರೂಪಾಯಿಗೆ ಎರಡಾಣೆ. ಇನ್ನು ಸ್ಟುಡಿಯೊದಲ್ಲಿ ನಾವು ಹಾಕಿಸುವ ನಾಲ್ಕು ಬೈ ಆರು ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೂ 1800 ಗುಣಿಸು 1200, ಇಪ್ಪತ್ತೊಂದೂವರೆ ಲಕ್ಷ ಚಿಲ್ಲರೆ ಚುಕ್ಕೆ. ಎರಡು ಮೆಗಾಪಿಕ್ಸೆಲ್ಲಿಗೆ ಸ್ವಲ್ಪ ಮೇಲೆ, ಅಷ್ಟೇ. ನಮ್ಮ ಆಲ್ಬಮ್ಮಿಗೆ ಬೇಕಾದದ್ದು ಎರಡು. ಮಿಕ್ಕಿದ್ದು ನೆಂಟರಿಗೆ ಹೇಳಲಿಕ್ಕೆ.

ಚುಕ್ಕೆಗಳ ಎಣಿಕೆಗಿಂತ ಅವು ಕೂತಿರುವ ಗದ್ದೆ ಎಷ್ಟಗಲ ಅನ್ನುವುದು ದೊಡ್ಡ ಮಾತು. ನನ್ನ ಹಳೆಯ ಕ್ಯಾಮೆರಾದ ಸೆನ್ಸರ್ ಹೆಚ್ಚುಕಡಿಮೆ ಹುರುಳಿಕಾಳಿನಷ್ಟು. ಇವೆರಡರ ಸೆನ್ಸರ್ ರೆವಿನ್ಯೂ ಸ್ಟಾಂಪಿನಷ್ಟು. ನಿಕಾನ್‌ದು 23.1 ಮಿಲಿಮೀಟರ್ ಅಗಲ, 15.4 ಎತ್ತರ, ಕ್ಯಾನನ್‌ದು 22.3 ಅಗಲ, 14.9 ಎತ್ತರ. ಕ್ಯಾನನ್ ತುಸು ಚಿಕ್ಕ ಗದ್ದೆಯಲ್ಲಿ ಜಾಸ್ತಿ ಸಸಿ ನೆಟ್ಟಿದೆ. ಒತ್ತಾಗಿ ನೆಟ್ಟರೆ ಒಂದೊಂದು ಸಸಿಗೆ ಸಿಗುವ ಬಿಸಿಲು ಕಮ್ಮಿ ಅನ್ನುವುದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಇವೆರಡರ ನಡುವೆ ಆ ಅಂತರ ಬರಿಗಣ್ಣಿಗೆ ಸಿಗುವಂಥದ್ದಲ್ಲ. ಹುರುಳಿಕಾಳಿನಿಂದ ಸ್ಟಾಂಪಿಗೆ ಹಾರುವುದೇ ನಿಜವಾದ ಹಾರಿಕೆ.

ಉಳಿದ ಸಾಲುಗಳೂ ಹೀಗೇ ಆದವು. ಬ್ಯಾಟರಿ ಸಮೇತ ನಿಕಾನ್ 505 ಗ್ರಾಂ, ಕ್ಯಾನನ್ 530. ಒಂದು ಹಿಡಿ ಅವಲಕ್ಕಿಯಷ್ಟು ವ್ಯತ್ಯಾಸ. ಸೆಕೆಂಡಿಗೆ ನಿಕಾನ್ ಮೂರು ಫೋಟೊ ತೆಗೆದರೆ ಕ್ಯಾನನ್ 3.7. ಮುಕ್ಕಾಲು ಹಕ್ಕಿ ಹೆಚ್ಚು. ಫೋಕಸ್ಸಿಗೆ ನಿಕಾನ್‌ನಲ್ಲಿ ಹನ್ನೊಂದು ಜಾಗ, ಕ್ಯಾನನ್‌ನಲ್ಲಿ ಒಂಬತ್ತು. ಹಿಂದಿನ ಪರದೆಯಲ್ಲಿ ಮಾತ್ರ ಕ್ಯಾನನ್ ನಿಸ್ಸಂಶಯವಾಗಿ ಮೇಲು: ಅದರಲ್ಲಿ 10.4 ಲಕ್ಷ ಚುಕ್ಕೆ, ನಿಕಾನ್‌ನಲ್ಲಿ ಬರೀ 2.3 ಲಕ್ಷ. ನಿಕಾನ್‌ನ ತಿರುಗುಗುಂಡಿಯ ಮೇಲೆ 'ಗೈಡ್' ಅಂತ ಒಂದು ಗುರುತಿತ್ತು. ಅಲ್ಲಿಗೆ ತಿರುಗಿಸಿದರೆ ಕ್ಯಾಮೆರಾವೇ ಹೆಜ್ಜೆ ಹೆಜ್ಜೆಗೂ ಹೇಳಿಕೊಡುತ್ತದೆಯಂತೆ. ಗೈಡ್ ಓದಿ ಪಾಸಾಗಬೇಡಿ ಅಂತ ವರ್ಷಗಟ್ಟಲೆ ಮಕ್ಕಳಿಗೆ ಬೈದವಳು ನಾನು. ಆ ಸಾಲಿಗೆ ನಿಕಾನ್‌ನ ಒಂದು ಅಂಕ ಕಳೆದೆ. ಕೊನೆಗೆ ಕೂಡಿಸಿದಾಗ ಕ್ಯಾನನ್ ಹನ್ನೊಂದು ಸಾಲಿನಲ್ಲಿ ಗೆದ್ದಿತ್ತು, ನಿಕಾನ್ ಎಂಟರಲ್ಲಿ, ಮೂರು ಸಮ.

ಅಂಕ ಕೂಡಿಸಿದ ಮೇಲೆ ಫಲಿತಾಂಶ ಪ್ರಕಟಿಸುವುದು ವಾಡಿಕೆ. ಆದರೆ ಕ್ಯಾಮೆರಾ ವಿಷಯದಲ್ಲಿ ಪಟ್ಟಿಯಾಚೆ ಇನ್ನೊಂದಿದೆ, ಗೋತ್ರ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಅಣ್ಣನ ಮಗ ಕ್ಯಾನನ್‌ನವನು. ತೀರ್ಥಹಳ್ಳಿ ಕಡೆ ಮೂವತ್ತು ವರ್ಷ ಸ್ಟುಡಿಯೊ ನಡೆಸಿದ ನನ್ನ ಸೋದರಮಾವ ನಿಕಾನ್‌ನವರು. ಒಂದು ಕಂಪನಿಯ ಲೆನ್ಸ್ ಇನ್ನೊಂದರ ಬಾಡಿಯ ಮೇಲೆ ಕೂರುವುದಿಲ್ಲ. ಕೂರಿಸುವ ರೀತಿ ಕೂಡ ಬೇರೆ. ಎದುರಿಗೆ ಹಿಡಿದು ನೋಡಿದರೆ ಕ್ಯಾನನ್ ಲೆನ್ಸನ್ನು ಪ್ರದಕ್ಷಿಣೆಯಾಗಿ ತಿರುಗಿಸಬೇಕು, ನಿಕಾನ್ ಲೆನ್ಸನ್ನು ಅಪ್ರದಕ್ಷಿಣೆಯಾಗಿ. ಮನುಷ್ಯರಲ್ಲಿ ಸಗೋತ್ರ ವಿವಾಹ ನಿಷಿದ್ಧ, ಕ್ಯಾಮೆರಾಗಳಲ್ಲಿ ಸಗೋತ್ರವೇ ವಿಧಿ.

"ಅತ್ತೆ, ಕಣ್ಮುಚ್ಚಿ ಕ್ಯಾನನ್ ತಗೊಳ್ಳಿ. ನನ್ನ ಲೆನ್ಸೆಲ್ಲ ನಿಮಗೂ ಆಗುತ್ತೆ" ಅಂದ ಅಳಿಯ. ಮಾವನಿಗೆ ಫೋನ್ ಮಾಡಿದರೆ ಅವರು ಪ್ರವರವನ್ನೇ ಹೇಳಿದರು. "ಏ ಕೂಸೇ, ನಿಕಾನ್ ಅಂದರೆ 1917ರ ಮನೆತನ. 1959ರಲ್ಲಿ ಲೆನ್ಸ್ ಕೂರಲು ಯಾವ ಬಾಯಿ ಇಟ್ಟರೋ ಇವತ್ತಿಗೂ ಅದೇ ಬಾಯಿ. ಕ್ಯಾನನ್‌ನವರು 1987ರಲ್ಲಿ ಹಳೇ ಗಿರಾಕಿಗಳನ್ನೆಲ್ಲ ನಡುನೀರಲ್ಲಿ ಬಿಟ್ಟು ಬಾಯಿ ಬದಲಾಯಿಸಿದರು. ನನ್ನ ಎಫ್‌ಎಂ10 ಫಿಲ್ಮ್ ಕ್ಯಾಮೆರಾದ ಲೆನ್ಸಿದೆ, ಬಂದು ತಗೊಂಡು ಹೋಗು."

ಮಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಪೂರ್ತಿ ನಿಜವೂ ಇರಲಿಲ್ಲ. ನಿಕಾನ್‌ದು ಒಟ್ಟು ಕುಟುಂಬ. ಅಜ್ಜನ ಕಾಲದ ಲೆನ್ಸಿಗೂ ಜಗಲಿಯಲ್ಲಿ ಜಾಗ ಉಂಟು. ಕ್ಯಾನನ್ ಪಾಲು ತೆಗೆದುಕೊಂಡು ಹೊರಬಂದು ಹೊಸ ಮನೆ ಕಟ್ಟಿ, ಫೋಕಸ್ ಮಾಡುವ ಮೋಟರನ್ನು ಲೆನ್ಸಿನೊಳಗೇ ಇಟ್ಟಿತು. ಅದರಿಂದಾಗಿ ಆಮೇಲಿನ ಅದರ ಬಹುಪಾಲು ಲೆನ್ಸುಗಳು ಈ ಅಗ್ಗದ ಬಾಡಿಯ ಮೇಲೂ ತಾವೇ ಫೋಕಸ್ ಮಾಡಿಕೊಳ್ಳುತ್ತವೆ. ನಿಕಾನ್ ಡಿ3100ರ ಬಾಡಿಯಲ್ಲಿ ಮೋಟರ್ ಇಲ್ಲ. ಲೆನ್ಸಿನಲ್ಲೇ ಮೋಟರ್ ಇರುವ ಹೊಸ ಲೆನ್ಸುಗಳು ಮಾತ್ರ ತಾವಾಗಿ ಫೋಕಸ್ ಆಗುತ್ತವೆ. ಮಾವನ ಕೈಫೋಕಸ್ಸಿನ ಲೆನ್ಸನ್ನು ಹಾಕಿದರಂತೂ ಅದು ಸಲೀಸಾಗಿ ಕೂರುತ್ತದೆ, ಆದರೆ ಬೆಳಕಿನ ಅಳತೆಯನ್ನೂ ಹೇಳುವುದಿಲ್ಲ. ಎಷ್ಟೋ ಮನೆಗಳ ಅಣ್ಣತಮ್ಮಂದಿರ ಹಾಗೆ ಸಂಬಂಧ ಉಂಟು, ಮಾತುಕತೆ ಇಲ್ಲ.

ದಸರಾ ರಜೆಯಲ್ಲಿ ನಾನೂ ಯಜಮಾನರೂ ಬೆಂಗಳೂರಿಗೆ ಹೋದೆವು. ದೊಡ್ಡ ಅಂಗಡಿ. ಕೌಂಟರಿನ ಹುಡುಗನಿಗೆ ನಾನು ನೋಟ್‌ಬುಕ್ ಬಿಡಿಸಿ ಎರಡು ಮಾಡೆಲ್ಲಿನ ಹೆಸರು ಹೇಳಿದೆ. ಅವನು ಎರಡನ್ನೂ ತಂದು ನಮ್ಮ ಯಜಮಾನರ ಕೈಗೆ ಕೊಟ್ಟ. "ಸಾರ್‌ಗೆ ವೈಲ್ಡ್‌ಲೈಫಾ, ಪೋರ್ಟ್ರೇಟಾ?" ಅಂತ ಕೇಳಿದ. ಹಲಸಿನಹಣ್ಣು ಹಿಡಿದ ಹಾಗೆ ಅವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ ಇವರು, "ನನಗೆ ಊಟ. ಕ್ಯಾಮೆರಾ ಅವಳಿಗೆ" ಅಂದರು.

ಆಮೇಲೆ ನನ್ನ ಕೈಗೆ ಬಂತು. ಒಂದೂವರೆ ತಿಂಗಳು ಕಾಗದದ ಮೇಲೆ ತೂಗಿ ಅಳೆದ ಜೋಡಿ ಅದು. ಹಿಡಿದು ನೋಡಿದರೆ, ಎರಡರಲ್ಲೂ ನನ್ನ ಕಿರುಬೆರಳಿಗೆ ಜಾಗ ಸಾಲದೆ ಅದು ಕೆಳಗೆ ಜೋತುಬಿತ್ತು. ಇಪ್ಪತ್ತೆರಡು ಸಾಲಿನಲ್ಲಿ ಕಿರುಬೆರಳಿನ ಸಾಲು ಇರಲಿಲ್ಲ. ಗುಂಡಿ ಒತ್ತಿದ ತಕ್ಷಣ ಕ್ಲಿಕ್ಕಿಸಿತು, ಯೋಚನೆಗೆ ನಿಲ್ಲಲಿಲ್ಲ. ಆ ಕೆಲಸಕ್ಕೆ ಎರಡೂ ಒಂದೇ. ನನ್ನ ಬೆಳ್ಳಕ್ಕಿ ತಪ್ಪಿಸಿಕೊಂಡದ್ದಕ್ಕೆ ಪರಿಹಾರ ಇವೆರಡರಲ್ಲಿ ಯಾವುದನ್ನು ಕೊಂಡರೂ ಸಿಗುತ್ತಿತ್ತು ಅನ್ನುವುದು ಒಂದೇ ಕ್ಲಿಕ್ಕಿಗೆ ಗೊತ್ತಾಯಿತು.

"ಏನ್ ಫೋಟೊ ತೆಗೀತೀರಾ ಮೇಡಂ?" ಅಂತ ಕೇಳಿದ ಹುಡುಗ.

"ಹಕ್ಕಿ" ಅಂದೆ, ಹೆಮ್ಮೆಯಿಂದ.

ಅವನು ಒಳಗೆ ಹೋಗಿ ಉದ್ದ ಲೆನ್ಸುಗಳನ್ನು ಹೊತ್ತು ತಂದ. ಬಾಡಿಯ ಜೊತೆ ಬರುವ 18-55 ಮಿಲಿಮೀಟರಿನ ಲೆನ್ಸಿನಲ್ಲಿ ಹಕ್ಕಿ ಅಕ್ಕಿಕಾಳಿನಷ್ಟು ಬೀಳುತ್ತದೆ, ನಿಕಾನ್ ಆದರೆ 55-300, ಕ್ಯಾನನ್ ಆದರೆ 55-250 ಬೇಕೇ ಬೇಕು ಅಂದ. ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾದ್ದರಿಂದ ಮೊದಲನೆಯದು ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 450 ಆಗುತ್ತದೆ, ಎರಡನೆಯದು 400. ಆಗುತ್ತದೆ, ಸರಿ. ದುಡ್ಡೂ ಆಗುತ್ತಿತ್ತು. ನನ್ನ ಮುಖ ನೋಡಿ, "ಬಿಲ್ ಬೇಡ ಅಂದ್ರೆ ಎರಡು ಸಾವಿರ ಕಮ್ಮಿ ಮಾಡ್ಕೊಡ್ತೀನಿ, ವಾರಂಟಿ ಒಂದಿರಲ್ಲ" ಅಂತ ದನಿ ಇಳಿಸಿದ. ಬ್ಯಾಗು, ಮೆಮೊರಿ ಕಾರ್ಡು ಪುಕ್ಕಟೆಯಂತೆ. ನಾವು ಊಟಕ್ಕೆ ಹೋದೆವು. ರಾತ್ರಿ ಬಸ್ಸಿಗೆ ಬರಿಗೈಯಲ್ಲಿ ಶಿವಮೊಗ್ಗಕ್ಕೆ ಹೊರಟೆವು.

ತುಮಕೂರು ದಾಟುವಾಗ ಇವರು ನಿದ್ದೆಗಣ್ಣಿನಲ್ಲೇ ಕೇಳಿದರು: "ನೀನು ಹಕ್ಕಿ ಫೋಟೊ ಅಷ್ಟೊಂದು ತೆಗೀತೀಯಾ?"

ಈ ಪ್ರಶ್ನೆಗೆ ಉತ್ತರ ಕೊಡಲು ಗಣಿತದವಳಿಗೆ ಒಂದೇ ದಾರಿ. ಮರುದಿನ ಹಳೆಯ ಪುಟ್ಟ ಕ್ಯಾಮೆರಾದಲ್ಲಿ ಮೂರು ವರ್ಷದಲ್ಲಿ ತೆಗೆದು ಕಂಪ್ಯೂಟರಿಗೆ ತುಂಬಿದ್ದ ಫೋಟೊಗಳನ್ನೆಲ್ಲ ಒಂದೊಂದಾಗಿ ತೆರೆದೆ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾಲ್ಕು ಗೀಟು, ಒಂದು ಅಡ್ಡಗೀಟು ಹಾಕುತ್ತ ಎಣಿಸಿದೆ. ಒಟ್ಟು 612. ಮನೆಯೊಳಗಿನವು 241. ಸ್ಕೂಲ್ ಡೇ, ಪ್ರತಿಭಾ ಕಾರಂಜಿ, ಮಕ್ಕಳ ಕುಣಿತ 158. ಹಿತ್ತಿಲು, ಹೂವು, ಅಂಗಳದ ಮಳೆ 130. ಜೋಗ, ಆಗುಂಬೆ ಅಂತ ಹೋದಲ್ಲಿನವು 64. ಹಕ್ಕಿ 19. ಅದರಲ್ಲೂ ಹಕ್ಕಿ ನಿಜವಾಗಿ ಇದ್ದವು ಹನ್ನೊಂದು. ಉಳಿದ ಎಂಟು ಐತಿಹಾಸಿಕ ಸ್ಥಳಗಳು.

ಬಹಳ ಹೊತ್ತು ಆ ಪುಟ ನೋಡುತ್ತ ಕೂತೆ. ತೇಜಸ್ವಿಯವರ ಶಿಷ್ಯೆ ಅಂತ ನನ್ನಷ್ಟಕ್ಕೆ ನಾನೇ ಮೆರೆದಿದ್ದೆ. ಲೆಕ್ಕ ಬೇರೆ ಬೀದಿ ತೋರಿಸುತ್ತಿತ್ತು. ಮೈಸೂರಿನ ಟಿ. ಎಸ್. ಸತ್ಯನ್ ಅವರು, 1977ರಲ್ಲಿ ಪದ್ಮಶ್ರೀ ಪಡೆದವರು, ಸಾಮಾನ್ಯ ಜನರ ದಿನನಿತ್ಯದ ಮುಖಗಳನ್ನು ತೆಗೆದೇ ದೊಡ್ಡವರಾದರು. ನನ್ನ 612ರಲ್ಲಿ ಬಹುಪಾಲು ಆ ಬೀದಿಯವೇ. ಯೋಗ್ಯತೆಯ ಮಾತು ಬಿಡಿ, ದಿಕ್ಕಿನ ಮಾತು ಹೇಳುತ್ತಿದ್ದೇನೆ. ಎರಡು ಕ್ಯಾಮೆರಾಗಳನ್ನು ಹೋಲಿಸಲು ಕೂತವಳ ಮುಂದೆ ಈಗ ಹೋಲಿಕೆಗೆ ನಿಂತದ್ದು ಇಬ್ಬರು ಹೆಂಗಸರು. ಅಂಗಡಿಯಲ್ಲಿ ಹಕ್ಕಿ ಅಂದವಳು ಒಬ್ಬಳು, ಮೂರು ವರ್ಷ ಅಡುಗೆಮನೆ, ಜಗಲಿ, ಶಾಲೆಯ ವೇದಿಕೆಯನ್ನು ತೆಗೆದವಳು ಇನ್ನೊಬ್ಬಳು. ದುಡ್ಡು ಕೊಡಬೇಕಾದದ್ದು ಎರಡನೆಯವಳ ಕ್ಯಾಮೆರಾಕ್ಕೆ.

ಎರಡನೆಯವಳ ಕಷ್ಟ ಏನು ಅಂತ ಫೋಟೊಗಳೇ ಹೇಳುತ್ತಿದ್ದವು. ಮನೆಯೊಳಗಿನ 241ರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೋ ಕದಡಿದ್ದವು, ಇಲ್ಲವೇ ಫ್ಲಾಶ್ ಬಿದ್ದು ಎಲ್ಲರ ಮುಖವೂ ಸುಣ್ಣ ಬಳಿದ ಹಾಗಿತ್ತು. ನಮ್ಮದು ಹೆಂಚಿನ ಮನೆ. ಮಳೆಗಾಲದ ನಾಲ್ಕು ತಿಂಗಳು ಗಾಜಿನ ಹೆಂಚಿನಿಂದ ಇಳಿಯುವ ಬೆಳಕೇ ಬೆಳಕು, ಕರೆಂಟು ಇದ್ದರೆ ಇತ್ತು. ನನಗೆ ಬೇಕಾದದ್ದು ಉದ್ದ ಲೆನ್ಸಲ್ಲ, ಬೆಳಕಿಗೆ ದೊಡ್ಡದಾಗಿ ಬಾಯಿ ತೆರೆಯುವ ಲೆನ್ಸು.

ಆ ಬಾಯಿಯ ಅಳತೆಯನ್ನು ಎಫ್ ಸಂಖ್ಯೆ ಅನ್ನುತ್ತಾರೆ. 1.4, 2, 2.8, 4, 5.6, 8 ಅಂತ ಸಾಲಾಗಿ ಬರೆದಿರುತ್ತಾರೆ. ಮೊದಲು ನೋಡಿದಾಗ ಯಾರೋ ಮನಸ್ಸಿಗೆ ಬಂದ ಹಾಗೆ ಬರೆದ ಅಂಕಿಗಳು ಅನ್ನಿಸಿತ್ತು. ಒಂದನ್ನು ಹಿಂದಿನದರಿಂದ ಭಾಗಿಸಿ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. ಎಲ್ಲ ಕಡೆ 1.4ರ ಆಸುಪಾಸು, ಅಂದರೆ ಎರಡರ ವರ್ಗಮೂಲ! ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದ ಗುಣೋತ್ತರ ಶ್ರೇಢಿ ಕ್ಯಾಮೆರಾದ ಮೂತಿಯ ಮೇಲೆ ಕೂತಿತ್ತು. ಸಂಖ್ಯೆ ಒಂದೊಂದು ಮೆಟ್ಟಿಲು ಇಳಿದ ಹಾಗೆ ಬಾಯಿಯ ವಿಸ್ತೀರ್ಣ ಇಮ್ಮಡಿ, ಒಳಗೆ ಬರುವ ಬೆಳಕೂ ಇಮ್ಮಡಿ. ಜೊತೆಗೆ ಬರುವ ಲೆನ್ಸ್ 35 ಮಿಲಿಮೀಟರಿನಲ್ಲಿ ತೆರೆಯುವುದು 4.5ರಷ್ಟು. ಅದೇ 35 ಮಿಲಿಮೀಟರಿನ 1.8 ಲೆನ್ಸ್ ಹಾಕಿದರೆ ಆರು ಪಟ್ಟಿಗೂ ಮೇಲೆ ಬೆಳಕು. ಎರಡು ಬಾಡಿಗಳ ನಡುವೆ ಇಪ್ಪತ್ತೆರಡು ಸಾಲು ಹುಡುಕಿದರೂ ಇಷ್ಟು ದೊಡ್ಡ ಅಂತರ ನನಗೆ ಸಿಕ್ಕಿರಲಿಲ್ಲ.

ಈಗ ಮತ್ತೆ ಹೋಲಿಕೆಗೆ ಕೂತಾಗ ಪಟ್ಟಿ ಒಂದೇ ಸಾಲಿನದಾಯಿತು. ಕ್ಯಾನನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ 1.8ರ ಲೆನ್ಸ್ 50 ಮಿಲಿಮೀಟರಿನದು. ಒಳ್ಳೆಯದೇ, ಅಳಿಯನ ಹತ್ತಿರವೂ ಇತ್ತು. ಆದರೆ ಈ ಸೆನ್ಸರಿನ ಮೇಲೆ ಅದು 80ರ ಹಾಗೆ ಕಾಣುತ್ತದೆ. ನಮ್ಮ ಅಡುಗೆಮನೆಯಲ್ಲಿ ಬೆನ್ನು ಗೋಡೆಗೆ ಹತ್ತಿಸಿಕೊಂಡು ನಿಂತರೂ ಒಬ್ಬರ ಮುಖ ಮಾತ್ರ ಹಿಡಿಯುತ್ತದೆ, ಒಲೆ ಹೊರಗುಳಿಯುತ್ತದೆ. ನಿಕಾನ್‌ನವರು 2009ರಲ್ಲಿ ಈ ಅಳತೆಯ ಸೆನ್ಸರಿಗೆಂದೇ 35 ಮಿಲಿಮೀಟರಿನ 1.8 ಲೆನ್ಸೊಂದನ್ನು, ಅದರೊಳಗೆ ಮೋಟರನ್ನೂ ಇಟ್ಟು, ಕೈಗೆಟಕುವ ಬೆಲೆಗೆ ಬಿಟ್ಟಿದ್ದರು. ಅದು 52ರ ಹಾಗೆ ಕಾಣುತ್ತದೆ, ಹೆಚ್ಚುಕಡಿಮೆ ನಮ್ಮ ಕಣ್ಣಿನ ನೋಟದ ಹಾಗೆ. ಹನ್ನೊಂದು-ಎಂಟರಿಂದ ಸೋತಿದ್ದ ನಿಕಾನ್ ಒಂದೇ ಸಾಲಿನಲ್ಲಿ ಗೆದ್ದಿತು. 2011ರ ಸಂಕ್ರಾಂತಿಯ ವಾರ ಡಿ3100 ಮತ್ತು ಆ ಲೆನ್ಸು ಮನೆಗೆ ಬಂದವು, ಬಿಲ್ಲಿನ ಸಮೇತ. ಮಾವ ತಮ್ಮ ಪ್ರವರ ಫಲಿಸಿತು ಅಂದುಕೊಂಡರು. ನಾನು ಬಿಡಿಸಿ ಹೇಳಲಿಲ್ಲ. ಅಳಿಯ ಎರಡು ವಾರ ಫೋನ್ ಮಾಡಲಿಲ್ಲ.

ಮೊದಲ ಫೋಟೊ ನಮ್ಮ ಅತ್ತೆಯವರದು. ಬೆಳಿಗ್ಗೆ ಒಲೆಯ ಮುಂದೆ ಕೂತು ಕೊಟ್ಟೆ ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ಫ್ಲಾಶ್ ಇಲ್ಲ. ಗಾಜಿನ ಹೆಂಚಿನಿಂದ ಓರೆಯಾಗಿ ಇಳಿದ ಬೆಳಕಿನಲ್ಲಿ ಹಬೆ ಎಳೆ ಎಳೆಯಾಗಿ ಮೇಲೇಳುತ್ತಿತ್ತು, ಅವರ ಅರ್ಧ ಮುಖಕ್ಕೆ ಬೆಂಕಿಯ ಬಣ್ಣ ಬಿದ್ದಿತ್ತು. ಪ್ರಿಂಟ್ ಹಾಕಿಸಿ ತಂದು ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಗೋಡೆ ಮೇಲಿನ ಮಸಿ ಎಲ್ಲ ಕಾಣ್ತದಲ್ಲೇ. ಹಳೇ ಕ್ಯಾಮೆರಾನೇ ಒಳ್ಳೇದಿತ್ತು" ಅಂದು ವಾಪಸು ಕೊಟ್ಟರು. ಆ ಬೇಸಿಗೆಗೆ ಅಡುಗೆಮನೆಗೆ ಸುಣ್ಣ ಹೊಡೆಸಬೇಕಾಯಿತು. ಕ್ಯಾಮೆರಾದ ನಿಜವಾದ ಬೆಲೆಗೆ ಅದನ್ನೂ ಸೇರಿಸಿ ಬರೆದಿಟ್ಟಿದ್ದೇನೆ.

ಅಂದಿನಿಂದ ಅಳಿಯ ಮೂರು ಬಾಡಿ ಬದಲಾಯಿಸಿದ. ಈಗ ಕನ್ನಡಿಯೇ ಇಲ್ಲದ ಕ್ಯಾಮೆರಾಗಳ ಕಾಲ. ನಿಕಾನ್, ಕ್ಯಾನನ್ ಎರಡೂ ಕನ್ನಡಿಯುಳ್ಳ ತಮ್ಮ ದೊಡ್ಡ ಕ್ಯಾಮೆರಾಗಳ ಕೊನೆಯ ಮಾಡೆಲ್ಲುಗಳನ್ನು 2020ರಲ್ಲಿ ಬಿಟ್ಟು, ಲೆನ್ಸ್ ಕೂರುವ ಹೊಸ ಬಾಯಿಯತ್ತ ಹೊರಳಿಕೊಂಡಿವೆ. ಒಟ್ಟು ಕುಟುಂಬವೂ ಕೊನೆಗೆ ಪಾಲಾಯಿತು. ಮಾವನಿಗೆ ಇದನ್ನು ಯಾರೂ ಹೇಳಿಲ್ಲ. ಕಂಪನಿಗಳು ಹೀಗೆ ಹೊರಳಿದ್ದರಿಂದ ಕನ್ನಡಿ ಕ್ಯಾಮೆರಾಗಳು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತವೆ, ಸಹೋದ್ಯೋಗಿಗಳು ಯಾವುದನ್ನು ಕೊಳ್ಳಲಿ ಅಂತ ನನ್ನನ್ನು ಕೇಳುತ್ತಾರೆ. ನಾನು ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ನಿಮ್ಮ ಮೊಬೈಲಿನಲ್ಲಿರುವ ಹಿಂದಿನ ಐನೂರು ಫೋಟೊ ತೆರೆಯಿರಿ, ಗೀಟು ಹಾಕಿ ಎಣಿಸಿರಿ, ಆಮೇಲೆ ಅಂಗಡಿಗೆ ಹೋಗಿರಿ ಅನ್ನುತ್ತೇನೆ. ಎಣಿಸಿದವರಲ್ಲಿ ಇಬ್ಬರು ಕ್ಯಾಮೆರಾ ಕೊಳ್ಳುವುದನ್ನೇ ಬಿಟ್ಟರು. ಅವರ ಮಟ್ಟಿಗೆ ಅದೂ ಸರಿಯಾದ ಉತ್ತರವೇ.

ಉದ್ದ ಲೆನ್ಸನ್ನು ನಾನು ಇವತ್ತಿಗೂ ಕೊಂಡಿಲ್ಲ. ಆಗಸ್ಟ್ ಬಂತೆಂದರೆ ಮಾತ್ರ ಒಂದು ಭಾನುವಾರ ಮಂಡಗದ್ದೆಗೆ ತಪ್ಪದೆ ಹೋಗುತ್ತೇನೆ. ಕೊಡೆ ಹಿಡಿಯಲು ಇವರು ಜೊತೆಗೆ ಬರುತ್ತಾರೆ. ನನ್ನ ಫೋಟೊಗಳಲ್ಲಿ ಬೆಳ್ಳಕ್ಕಿ ಅಕ್ಕಿಕಾಳಿನಷ್ಟೇ ಇರುತ್ತದೆ. ಆದರೆ ಕೊಂಬೆಯ ಮೇಲೆ ಇರುತ್ತದೆ.